ನೆಲೋಗಿಯಲ್ಲಿ ಒಂದು ಕಡಲ ಗಿಡ

ನಾನು ಸಮುದ್ರ ನೋಡಿದವನಲ್ಲ. ನಮ್ಮೂರಿಗೆ ಸಮುದ್ರ ಬರುತ್ತಿದ್ದದ್ದು ಗೋಣಿಚೀಲದಲ್ಲಿ, ಉಪ್ಪಿನ ಹರಳಾಗಿ, ಅದೂ ಅಷ್ಟಿಷ್ಟು ಮಣ್ಣು ಬೆರೆಸಿಕೊಂಡು. ನೆಲೋಗಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇತ್ತು, ಈಗಲೂ ಇದೆ. ಮಳೆಗಾಲದಲ್ಲಿ ಉಪ್ಪಿನ ಚೀಲ ಮೂಲೆಯಲ್ಲಿ ಒಸರುತ್ತ ಕೂತಿರುತ್ತಿತ್ತು. ಅದು ಕರಗಿ ಹರಿದು ಹೋದೀತೆಂಬ ಚಿಂತೆಯಲ್ಲಿ ನಾನೂ ಅದರ ಪಕ್ಕದಲ್ಲೇ ಕೂತಿರುತ್ತಿದ್ದೆ. ಮಳೆ ಬಾರದಿದ್ದರೆ ಬೆಳೆಯ ಚಿಂತೆ, ಬಂದರೆ ಉಪ್ಪಿನ ಚಿಂತೆ. ಹೀಗೆ ವರ್ಷವಿಡೀ ನನಗೆ ಕೈತುಂಬ ಕೆಲಸ.

ಕಿಣ್ಣಿ ಸುಲ್ತಾನ ಎಂಬ ಊರಿಗೆ ಕೊಟ್ಟಿದ್ದ ನಮ್ಮಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು ನೆಲೆಸಿದ್ದಳು. ನನ್ನ ಈ ಸ್ವಭಾವವನ್ನು ತೊಟ್ಟಿಲಿನಿಂದಲೇ ನೋಡಿದವಳು. ‘ನೀ ಹುಟ್ಟಿದಾಗ ಎಲ್ಲಾ ಕೂಸಿನಂಗ ಅಳಲಿಲ್ಲಪಾ. ಕಣ್ಣು ತೆರದು ಫಿಕರ್ ಮಾಡ್ದಿ’ ಎನ್ನುತ್ತಿದ್ದಳು. ಮನೆಯ ಕೀಲಿಕೈ, ಒಲೆ, ಹಿತ್ತಲು, ನನ್ನ ಹೆಂಡತಿ, ನಾನು, ಎಲ್ಲ ಅವಳ ತಾಬೆಯಲ್ಲಿದ್ದೆವು.

ಆಗ ನಮ್ಮ ಸೀಮೆಯ ಸರಕಾರಿ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಉರ್ದುವಿನಲ್ಲಿ. ನಾನೂ ಅದರಲ್ಲೇ ಕಲಿತವನು. ಕನ್ನಡದ ಅಕ್ಷರ ನನಗೆ ಹತ್ತಿದ್ದು ಮೀಸೆ ಬಂದ ಮೇಲೆ. ತಡವಾಗಿ ಶ್ರೀಮಂತನಾದವನು ಬೆರಳಿಗೊಂದು ಉಂಗುರ ಹಾಕಿಕೊಳ್ಳುವ ಹಾಗೆ ನಾನು ಮಾತಿಗೊಂದು ಪುಸ್ತಕದ ಶಬ್ದ ಹಾಕಿಕೊಳ್ಳತೊಡಗಿದೆ. ಬೆಲ್ಲ ಕೇಳಿದವರಿಗೆ ‘ಕ್ಷಣಕಾಲ ತಾಳಿರಿ’ ಎನ್ನುತ್ತಿದ್ದೆ. ಅವರು ‘ತಾಳು’ ಅಂದದ್ದು ಕೇಳಿಸದೆ ‘ಕ್ಷಣ’ ಎಂದರೇನು ಎಂದು ಯೋಚಿಸುತ್ತ ತಾಳುತ್ತಿದ್ದರು.

ಮಹಾಯುದ್ಧ ನಡೆದು ಸೀಮೆಎಣ್ಣೆ ಸಿಗದಂತಾಗಿದ್ದ ಆ ದಿನಗಳಲ್ಲಿ ನಾವು ಕೆಲವರು ಸೇರಿ ಮಠದ ಪಡಸಾಲೆಯಲ್ಲಿ ಒಂದು ಕನ್ನಡ ಶಾಲೆ ತೆರೆದೆವು. ಮೊದಲು ಬಂದ ಮಾಸ್ತರು ಬೇಸಿಗೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಎರಡನೆಯವರು ಬೇಸಿಗೆಯವರೆಗೂ ಕಾಯಲಿಲ್ಲ. ಮೂರನೆಯವರು ಪಡುವಣ ಕರಾವಳಿಯವರು. ಅವರು ಹೆಂಡತಿಯನ್ನು ಕರೆದುಕೊಂಡು ಬಂದರು. ಹೆಂಡತಿ ಒಂದು ಗಿಡವನ್ನು ಎತ್ತಿಕೊಂಡು ಬಂದಳು.

ಗಿಡ ಮೊಳಕೈ ಉದ್ದವೂ ಇರಲಿಲ್ಲ. ಬಾಯಿ ಒಡೆದ ಮಡಕೆಯಲ್ಲಿ, ಅವರೂರಿನ ಕೆಂಪು ಮಣ್ಣಿನ ಸಮೇತ ಇತ್ತು. ದಪ್ಪನೆಯ ಬೂದು ಹಸಿರು ಎಲೆ. ಮುಟ್ಟಿದರೆ ಬೆರಳಿಗೆ ಸಣ್ಣ ಪುಡಿಯಂಥದ್ದು ಹತ್ತುತ್ತಿತ್ತು. ಮಳೆ ನಿಂತ ಮೇಲೆ ಕುಸುಬೆ ಕಾಳಿನಷ್ಟು ಚಿಕ್ಕ ಬಿಳಿ ಹೂ ಬಿಡುತ್ತದಂತೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಗಡಿಯ ಸುಂಕದ ನಾಕಾದಲ್ಲಿ ಸಿಪಾಯಿ ಇದು ಗಾಂಜಾ ಇರಬಹುದೆಂದು ಒಂದು ಎಲೆ ಕಿತ್ತು ಜಗಿದನಂತೆ. ‘ನಮಕೀನ್ ಹೈ’, ಉಪ್ಪುಪ್ಪು, ಎಂದು ಉಗುಳಿ ಬಿಟ್ಟುಬಿಟ್ಟನಂತೆ.

‘ಇದರ ಹೆಸರೇನ್ರಿ ತಂಗಿ?’ ಎಂದು ಕೇಳಿದೆ.

‘ಹೆಸರು ಅಂತ ಎಂಥದೂ ಇಲ್ಲ, ಅಣ್ಣ. ನಾವು ಕಡಲ ಗಿಡ ಅಂತೇವೆ. ನಮ್ಮಲ್ಲಿ ಎರಡು ಹೊಳೆ ಕಡಲಿಗೆ ಸೇರ್ತಾವೆ, ಆ ಎರಡರ ನಡುವೆ ಒಂದು ಕಲ್ಲುಪಾರೆ ಉಂಟು. ಅಲ್ಲಿ ಮಾತ್ರ ಇದು ಆಗೂದು. ಹೊಳೆ ದಾಟಿಸಿ ಆಚೆ ದಡದಲ್ಲಿ ನೆಟ್ಟರೂ ಆಗೂದಿಲ್ಲ. ನೆಟ್ಟು ನೋಡಿದವರು ಎಷ್ಟೋ ಜನ ಇದ್ದಾರೆ.’

ಒಂದು ಹೊಳೆ ದಾಟಿದರೆ ಬದುಕದ ಗಿಡವನ್ನು ಆಕೆ ಭೀಮಾ ನದಿ ದಾಟಿಸಿ ಜೇವರ್ಗಿಯ ಎರೆನೆಲಕ್ಕೆ ತಂದಿದ್ದಳು. ಯಾಕೆ ತಂದಳೆಂದು ನಾನು ಕೇಳಲಿಲ್ಲ. ಆಕೆಯೂ ಒಂದು ಹೊಳೆಗಿಂತ ಹೆಚ್ಚೇ ದಾಟಿ ಬಂದಿದ್ದಳು.

ಚಳಿಗಾಲ ಹೇಗೋ ಕಳೆಯಿತು. ಮಾಸ್ತರು ಒಳ್ಳೆಯವರು. ಕೋಲು ಹಿಡಿಯದೆ ಕಲಿಸುತ್ತಿದ್ದರು. ಮಕ್ಕಳು ಹೊಲದ ಬದುವಿನ ಮೇಲೂ ಅಕ್ಷರ ಗೀಚತೊಡಗಿದರು. ನನ್ನ ಮಗಳು ಅಂಗಡಿಯ ಡಬ್ಬಿಗಳ ಮೇಲೆಲ್ಲ ಸುಣ್ಣದಲ್ಲಿ ಹೆಸರು ಬರೆದಳು. ಕಡಿಮೆ ಮಾತಿನ ಅವರ ಹೆಂಡತಿಗೆ ಮಾತ್ರ ಊರು ಹಿಡಿಸಲಿಲ್ಲ. ರೊಟ್ಟಿ ಬಡಿಯಲು ನಮ್ಮಕ್ಕ ಕಲಿಸಿದಳು, ಆಕೆ ಕಲಿತಳು, ತಿನ್ನಲು ಕಲಿಯಲಿಲ್ಲ. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಬಯಲು ನೋಡುತ್ತ, ‘ಇದು ಕಡಲಿನ ಹಾಗೇ ಉಂಟು ಅಣ್ಣ, ಆದರೆ ಸದ್ದಿಲ್ಲ. ಸದ್ದಿಲ್ಲದ ಕಡಲು ಅಂದ್ರೆ ನಂಗೆ ಹೆದ್ರಿಕೆ’ ಎಂದಿದ್ದಳು. ಆವತ್ತಿನಿಂದ ನಮ್ಮ ಬಯಲು ನೋಡಿದರೆ ನನಗೂ ಒಂದಿಷ್ಟು ಹೆದರಿಕೆ. ಇಲ್ಲದ ಹೆದರಿಕೆಯನ್ನು ನಾನು ಬೇಗ ಹಚ್ಚಿಕೊಳ್ಳುತ್ತೇನೆ.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ಶಾಲೆಗೆ ರಜೆ ಕೊಟ್ಟೆವು. ಊರಿಗೆ ಹೊರಟ ದಿನ ಮಾಸ್ತರ ಹೆಂಡತಿ ಮಡಕೆ ಹಿಡಿದುಕೊಂಡು ಅಂಗಡಿಗೆ ಬಂದಳು.

‘ಅಣ್ಣ, ಇದನ್ನು ನಿಮ್ಮಲ್ಲಿ ಬಿಟ್ಟು ಹೋಗ್ತೇನೆ.’

‘ಬ್ಯಾಡ್ರಿ ತಂಗಿ, ತಗೊಂಡು ಹೋಗ್ರಿ. ನಮ್ಮ ಬ್ಯಾಸಗಿ ಭಾಳ ಕೆಟ್ಟದ್ದು.’

‘ಅದಕ್ಕೇ ಬಿಡೂದು. ಇದು ಇಲ್ಲಿನ ಬೇಸಿಗೆ ತಡೆದರೆ ನಾನೂ ತಡೀತೇನೆ, ತಿರುಗಿ ಬರ್ತೇನೆ. ಇದು ಸತ್ತರೆ ನಮಗಿಬ್ಬರಿಗೂ ಈ ಊರು ಆಗೂದಿಲ್ಲ ಅಂತ ತಿಳ್ಕೊಳ್ತೇನೆ.’

ಹಿಂದೆ ಟ್ರಂಕು ಹಿಡಿದು ನಿಂತಿದ್ದ ಮಾಸ್ತರು ನೆಲ ನೋಡುತ್ತ, ‘ಅವಳು ಬರದಿದ್ರೆ ನಾನೂ ಬರೂದಿಲ್ಲ ಸಾವ್ಕಾರ್ರೇ. ಈಗ್ಲೇ ಹೇಳಿಬಿಡೂದು ಒಳ್ಳೇದು’ ಎಂದರು.

‘ಅಲ್ರೀ, ಇದಕ್ಕ ಏನೇನು ಮಾಡಬೇಕು?’ ಎಂದು ಗಾಬರಿಯಿಂದ ಕೇಳಿದೆ.

‘ಎಂಥದೂ ಇಲ್ಲ. ನಮ್ಮಲ್ಲಿ ಇದಕ್ಕೆ ಯಾರೂ ಏನೂ ಮಾಡೂದಿಲ್ಲ. ಪಾರೆ ಮೇಲೆ ತನ್ನಷ್ಟಕ್ಕೆ ಇರ್ತದೆ’ ಎಂದು ಆಕೆ ಚಕ್ಕಡಿ ಹತ್ತಿದಳು.

ನನ್ನಂಥವನಿಗೆ ಇದಕ್ಕಿಂತ ಕೆಟ್ಟ ಸಲಹೆ ಬೇರೆ ಇಲ್ಲ. ನೂರು ಕೆಲಸ ಹೇಳಿದ್ದರೆ ನೂರನ್ನೂ ಮಾಡುತ್ತಿದ್ದೆ. ಗಿಡ ಹೋದರೆ ಹೆಂಡತಿ ಬರುವುದಿಲ್ಲ, ಹೆಂಡತಿ ಬಾರದಿದ್ದರೆ ಮಾಸ್ತರಿಲ್ಲ, ಮಾಸ್ತರಿಲ್ಲದಿದ್ದರೆ ಶಾಲೆಯಿಲ್ಲ. ನಾಲ್ಕನೆಯವರನ್ನು ಹುಡುಕುವ ಹುರುಪು ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಊರ ಮಕ್ಕಳ ಅಆಇಈ ಬಾಯಿ ಒಡೆದ ಒಂದು ಮಡಕೆಯಲ್ಲಿ ಬಂದು ಕೂತಿತ್ತು.

ಮಡಕೆಯನ್ನು ಮನೆಗೆ ಒಯ್ದು ಹಿತ್ತಲಿನ ಬಾವಿಕಟ್ಟೆಯ ಮಗ್ಗುಲಲ್ಲಿ ಇಟ್ಟೆ. ಮನೆಯವರನ್ನೆಲ್ಲ ಕರೆದು, ಸಭೆಯಲ್ಲಿ ನಿಂತವನ ಹಾಗೆ, ‘ಇದು ಮಾಸ್ತರ ಮನೆಯ ಕಡಲ ಗಿಡ. ಯಾರೂ ಮುಟ್ಟಕೂಡದು’ ಎಂದೆ. ನಮ್ಮಲ್ಲಿ ಯಾರೂ ಕಡಲು ಎನ್ನುವುದಿಲ್ಲ, ಸಮುದ್ರ ಅನ್ನುತ್ತಾರೆ, ಉರ್ದು ಕಲಿತವರು ದರ್ಯಾ ಅನ್ನುತ್ತಾರೆ. ಹಾಗಾಗಿಯೇ ಆ ಶಬ್ದವನ್ನು ಬಾಯಿತುಂಬ ಹೇಳಿದೆ.

ಅಕ್ಕ ಗಿಡವನ್ನು ಒಂದು ಸಲ ನೋಡಿ, ‘ಗೊತ್ತದ ಬಿಡು. ನಾ ಏನು ಕಂಡಿಲ್ಲೇನ?’ ಎಂದು ಒಳಗೆ ಹೋದಳು. ಅವಳು ಎಲ್ಲಿ ಕಂಡಾಳು ಎನ್ನಿಸಿತು. ಆದರೆ ಅಕ್ಕನಿಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಇದೆ ಎಂದು ಸಾಧಿಸಲು ಹೋಗುವಷ್ಟು ಧೈರ್ಯ ನನಗಿರಲಿಲ್ಲ.

ಆಮೇಲೆ ನಾನು ಯೋಚಿಸತೊಡಗಿದೆ. ಸಮುದ್ರದ ಗಾಳಿಯಲ್ಲಿ ಬೆಳೆದದ್ದು. ಸಮುದ್ರದ ಗಾಳಿಯಲ್ಲಿ ಏನಿರುತ್ತದೆ? ಉಪ್ಪಿರುತ್ತದೆ. ನನ್ನ ಹತ್ತಿರ ಏನಿದೆ? ಉಪ್ಪಿದೆ. ಇಂಥ ಸಲೀಸಾದ ವಿಚಾರ ನನಗೆ ಹಿಂದೆಂದೂ ಹೊಳೆದಿರಲಿಲ್ಲ. ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರಿನಲ್ಲಿ ಉಪ್ಪು ಕರಗಿಸಿ, ಬೇವಿನ ಟೊಂಗೆ ಅದ್ದಿ, ಎಲೆಗಳ ಮೇಲೆ ಚಿಮುಕಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಉಪ್ಪು ಹೆಚ್ಚಾಯಿತೇನೋ ಎಂಬ ಅನುಮಾನ ಬರುತ್ತಿತ್ತು. ಆಗ ಸಿಹಿನೀರಿನಲ್ಲಿ ತೊಳೆಯುತ್ತಿದ್ದೆ. ಸಂಜೆಗೆ ಬುಡದಲ್ಲಿ ನೀರು ಹೆಚ್ಚಾಯಿತೆನಿಸಿ ಮಡಕೆಯನ್ನು ವಾಲಿಸಿ ಇಡುತ್ತಿದ್ದೆ. ಬಿಸಿಲು ಸರಿದಂತೆ ಮಡಕೆಯನ್ನೂ ಸರಿಸುತ್ತಿದ್ದೆ. ಒದ್ದೆ ಗೋಣಿತಟ್ಟು ಹೊದಿಸುತ್ತಿದ್ದೆ, ಉಸಿರು ಕಟ್ಟೀತೆಂದು ತೆಗೆಯುತ್ತಿದ್ದೆ.

‘ಏನ್ರಿ, ಬಾವಿ ತಳಾ ಕಂಡದ. ಕುಡಿಯೋ ನೀರಿಗಿ ಉಪ್ಪು ಕಲಿಸಿ ಚೆಲ್ಲಾಕತ್ತೀರಲ್ಲ!’ ಎಂದಳು ನನ್ನ ಹೆಂಡತಿ.

‘ಗಿಡಕ್ಕ ತೀರ್ಥಾ ಕೊಡಾಕತ್ತಾನ. ಸುಮ್ನಿರು, ನಾಳಿ ಪ್ರಸಾದನೂ ಕೊಡ್ತಾನ’ ಎಂದಳು ಅಕ್ಕ.

ಸುದ್ದಿ ಅಂಗಡಿಯ ಕಟ್ಟೆಗೂ ಬಂತು. ಹೊಗೆಸೊಪ್ಪು ಕೊಳ್ಳಲು ಬಂದವನೊಬ್ಬ ಬಲು ಗಂಭೀರವಾಗಿ, ‘ಸಾವ್ಕಾರ್ರ, ಗಿಡಕ್ಕ ಉಪ್ಪು ಹಾಕೀರಂತ. ಖಾರಾ ಯಾವಾಗ ಹಾಕ್ತೀರಿ?’ ಎಂದು ಕೇಳಿದ.

ಗಿಡದ ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದವು. ತುದಿಗಳು ಮಾತ್ರ ಹಸಿರಾಗಿದ್ದವು. ನನ್ನ ಊಟ ಅರ್ಧಕ್ಕೆ ಇಳಿಯಿತು. ಮಠದ ಪಡಸಾಲೆಯ ಮುಂದೆ ಹಾಯುವಾಗ ಗೋಡೆಯ ಮೇಲಿನ ಕರಿಹಲಗೆಯ ಕಡೆ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಅಂಗಡಿಯ ಸಾಮಾನಿಗೆಂದು ಕಲಬುರ್ಗಿಗೆ ಹೋಗಬೇಕಾಯಿತು. ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಓಡುವುದಕ್ಕಿಂತ ಹೆಚ್ಚು ನಿಲ್ಲುತ್ತಿತ್ತು. ಎರಡು ದಿನದ ಕೆಲಸಕ್ಕೆ ಹೋದವನು ವಾರ ಕಳೆದು ಬಂದೆ. ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಹಸಿವು ಹೊಟ್ಟೆ ಸುಡುತ್ತಿತ್ತು. ಕೈಕಾಲು ತೊಳೆದು ಹಾಗೇ ತಾಟಿನ ಮುಂದೆ ಕೂತೆ. ಹಿತ್ತಲಿಗೆ ಮೊದಲು ಹೋಗಬೇಕಿತ್ತು ಎಂಬ ಚಿಂತೆಯನ್ನು ರೊಟ್ಟಿಯ ವಾಸನೆ ಒಂದು ಗಳಿಗೆ ಮರೆಸಿತು.

ಅಕ್ಕ ಬಡಿಸಿದಳು. ರೊಟ್ಟಿ, ಅದರ ಮೇಲೆ ತೊಗರಿಬೇಳೆ ಹಾಕಿದ ಒಂದು ತಪ್ಪಲ ಪಲ್ಯ, ಎಂದರೆ ಸೊಪ್ಪಿನ ಪಲ್ಯ.

‘ಹ್ಯಾಂಗಾಗ್ಯಾದ ತಮ್ಮಾ?’

‘ಚಲೋ ಆಗ್ಯಾದಕ್ಕ. ಆದ್ರ ಜರಾ ಉಪ್ಪು ಜಾಸ್ತಿ ಆಗ್ಯಾದ.’

‘ನಾ ಉಪ್ಪೇ ಹಾಕಿಲ್ಲಲ್ಲೋ!’

ನಾನು ಇನ್ನೊಂದು ತುತ್ತು ಬಾಯಿಗಿಟ್ಟೆ. ಆಗ ನನ್ನ ಹೆಂಡತಿ ನನ್ನ ಕಡೆ ನೋಡದೆ ಒಲೆಯ ಕಡೆ ತಿರುಗಿ ಕೂತದ್ದು ಕಣ್ಣಿಗೆ ಬಿತ್ತು.

‘ಇದು ಯಾವ ತಪ್ಪಲಕ್ಕ?’

‘ಇನ್ಯಾವುದು? ಹಿತ್ತಲಾಗಿಂದು. ಆ ಮಾಸ್ತರ ಹೇಣ್ತಿ ಗಿಡದ್ದು. ಕುಡಿ ಚೂಟೀನಿ. ಒಂದು ಮುಷ್ಟಿ ಆತು, ಚೆಲ್ಲೂದ್ಯಾಕಂತ ಬ್ಯಾಳ್ಯಾಗ ಹಾಕ್ದೆ.’

ನಾನು ಎದ್ದು ನಿಂತೆ ಅಂತ ಕಾಣುತ್ತದೆ. ತಾಟು ಸದ್ದು ಮಾಡಿದ್ದು ನೆನಪಿದೆ.

‘ಅಕ್ಕಾ! ಅದು ಕಡಲ ಗಿಡ!’

‘ಹೌದು. ಕಡ್ಲಿ ಗಿಡ. ಅದಕ್ಕ ಚೂಟೀನಿ.’

‘ಕಡ್ಲಿ ಅಲ್ಲ, ಕಡಲ!’

‘ನಾನೂ ಅದನ್ನೇ ಹೇಳಾಕತ್ತೇನಿ. ಕಡ್ಲಿ ಕುಡಿ ಚೂಟದಿದ್ರ ಟಿಸಿಲು ಹ್ಯಾಂಗ ಒಡೀತದಪಾ? ಇಷ್ಟು ದಿನಾ ಜೇವರ್ಗಿ ಸೀಮ್ಯಾಗ ಇದ್ದು ಇಷ್ಟೂ ತಿಳೀಲಿಲ್ಲಲ್ಲ ನಿನಗ.’

‘ಕಡಲ ಅಂದ್ರ ಸಮುದ್ರ! ಸಮುದ್ರದ ಗಿಡ ಅದು! ಎಲ್ಲೆರೆ ಇಷ್ಟು ದಪ್ಪ ಎಲಿ ಕಡ್ಲಿ ಕಂಡೀಯೇನು? ಅದೂ ಬ್ಯಾಸಗ್ಯಾಗ?’

ಅಕ್ಕ ಸೆರಗು ಸರಿಮಾಡಿಕೊಂಡಳು. ಅದು ಅವಳು ವಾದಕ್ಕೆ ನಿಲ್ಲುವ ಗುರುತು. ‘ಅವರ ದೇಶದಾಗ ನಾಕು ತಿಂಗಳು ಮಳಿ ನಿಲ್ಲೂದಿಲ್ಲಂತ. ಅಂಥಲ್ಲಿ ಕಡ್ಲಿ ಎಲಿ ಎಷ್ಟು ದಪ್ಪ ಆಗ್ತದೋ ಯಾರಿಗ್ಗೊತ್ತು? ಅವರದು ಎಲ್ಲಾ ತಿರುಗಾಮುರುಗಾ. ರೊಟ್ಟಿ ಬಿಟ್ಟು ಅನ್ನಾ ತಿಂತಾರ, ಶೇಂಗಾ ಎಣ್ಣಿ ಬಿಟ್ಟು ಟೆಂಗಿನ ಎಣ್ಣಿ ತಿಂತಾರ. ಮತ್ತ ನಾ ಸುಮ್ನ ಚೂಟಿಲ್ಲ, ಒಂದು ಎಲಿ ನಾಲಿಗಿ ಮ್ಯಾಲೆ ಇಟ್ಟು ನೋಡೀನಿ. ಉಪ್ಪುಪ್ಪು! ಕಡ್ಲಿ ಅಲ್ದ ಯಾವ ತಪ್ಪಲ ಹಂಗಿರ್ತದ, ನೀನೇ ಹೇಳು.’

ಅದೂ ಸುಳ್ಳಲ್ಲ. ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಕಡ್ಲಿ ಹೊಲ ಹೊಕ್ಕು ಬಂದವರ ಕಾಲು ಉರಿಯುತ್ತದೆ. ಎಲೆಯ ಮೇಲಿನ ಇಬ್ಬನಿಗೆ ಅಷ್ಟು ಉಪ್ಪು, ಅಷ್ಟು ಹುಳಿ. ಹೆಂಗಸರು ಸಾಲಿನ ಮೇಲೆ ಬಿಳಿ ಅರಿವೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆಂದು ಶೀಸೆಯಲ್ಲಿ ಕಟ್ಟಿಡುತ್ತಾರೆ. ಅಕ್ಕನ ಪರೀಕ್ಷೆ ಪರೀಕ್ಷೆಯೇ. ಆದರೆ ಆ ಎಲೆಯ ಉಪ್ಪು ಸಮುದ್ರದ್ದೋ, ದಿನಾ ತಂಬಿಗೆಯಲ್ಲಿ ಕರಗಿಸಿ ಹಾಕಿದ ನನ್ನ ಅಂಗಡಿಯದ್ದೋ? ಇವತ್ತಿಗೂ ನನಗೆ ತಿಳಿದಿಲ್ಲ.

‘ಸಮುದ್ರ ಇದ್ರ ಸಮುದ್ರ ಅನ್ನಬೇಕು’ ಎಂದು ಅಕ್ಕ ತೀರ್ಮಾನ ಕೊಟ್ಟಳು. ‘ಪುಸ್ತಕದಾಗಿನ ಮಾತು ತಂದು ಅಡಗಿಮನ್ಯಾಗ ಇಟ್ರ ನಾವು ಅದನ್ನ ಕುದಸ್ತೀವಿ.’

ಹಿತ್ತಲಿಗೆ ಹೋದೆ. ಗಿಡ ಮೂಗು ಕತ್ತರಿಸಿದವರ ಹಾಗೆ ನಿಂತಿತ್ತು. ಎಲ್ಲ ತುದಿಗಳೂ ಹೋಗಿದ್ದವು. ಅಕ್ಕ ಅಷ್ಟಕ್ಕೇ ಬಿಟ್ಟಿರಲಿಲ್ಲ. ‘ಕಡ್ಲಿಗೆ ಯಾರರೆ ನೀರು ಹಾಕ್ತಾರೇನು, ನೆಲದ ಹಸಿ ಸಾಕು’ ಎಂದು ನಾನು ಹೋದ ದಿನದಿಂದ ಒಂದು ಹನಿ ನೀರು ಹಾಕಿರಲಿಲ್ಲ. ಗೋಣಿತಟ್ಟು ಕಿತ್ತೆಸೆದು, ಮಡಕೆಯನ್ನು ನಟ್ಟನಡು ಬಿಸಿಲಿನಲ್ಲಿ ಇಟ್ಟಿದ್ದಳು. ಮೇಲಿನ ಮಣ್ಣು ಕೆದರಿ ಸಡಿಲ ಮಾಡಿದ್ದಳು.

ಆವತ್ತು ಮಧ್ಯಾಹ್ನ ನನಗೆ ಎರಡು ಚಿಂತೆಗಳಿದ್ದವು. ಒಂದು, ಗಿಡ ಸತ್ತಿತು. ಇನ್ನೊಂದು, ಅದು ವಿಷದ್ದಾಗಿದ್ದರೆ ನಾನೂ ಸಾಯುತ್ತೇನೆ. ಕಟ್ಟೆಯ ಮೇಲೆ ಕೂತು ನನ್ನ ನಾಡಿ ನಾನೇ ಹಿಡಿದುಕೊಂಡಿದ್ದೆ. ಅದೇ ಪಲ್ಯ ಉಂಡಿದ್ದ ಅಕ್ಕ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಆ ಗೊರಕೆ ನಡೆಯುತ್ತಿರುವಷ್ಟು ಹೊತ್ತು ನಾನೂ ಬದುಕಿರುತ್ತೇನೆ ಎಂದು ಧೈರ್ಯ ತಂದುಕೊಂಡೆ.

ಗಿಡ ಸತ್ತರೆ ಮಾಸ್ತರೂ ಬರುವುದಿಲ್ಲವೆಂದು ನಾನು ಹೇಳಿದ ಮೇಲೆ ಅಕ್ಕನ ಮುಖವೂ ಸಣ್ಣದಾಗಿತ್ತು. ಅವಳ ಮಾತು ಮಾತ್ರ ಸಣ್ಣದಾಗಲಿಲ್ಲ. ‘ಸಮುದ್ರದ್ದಿರ್ಲಿ, ಆಕಾಶದ್ದಿರ್ಲಿ. ಇನ್ನ ಮ್ಯಾಲೆ ಇದರ ಹತ್ರ ನೀ ಬರಬ್ಯಾಡ. ನೀ ಉಪಚಾರ ಮಾಡೇ ಅರ್ಧಾ ಕೊಂದೀದಿ. ಉಳಿದದ್ದು ನಾ ನೋಡ್ಕೋತೇನಿ’ ಎಂದಳು. ನೋಡಿಕೊಳ್ಳುವುದು ಎಂದರೆ ಏನೂ ಮಾಡದೆ ಇರುವುದು ಎಂದು ಅವಳ ಅರ್ಥ. ನನಗೆ ಹಿತ್ತಲಿಗೆ ಹೋಗಲು ಅಪ್ಪಣೆ ಸಿಗುತ್ತಿದ್ದದ್ದು ಸ್ನಾನಕ್ಕೆ ಮಾತ್ರ. ಆ ಬೇಸಿಗೆ ನಾನು ಬಹಳ ಸ್ನಾನ ಮಾಡಿದೆ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ತಲೆಯ ಮೇಲೆ ನೀರು ಸುರಿದುಕೊಳ್ಳುತ್ತ ಓರೆಗಣ್ಣಿನಿಂದ ನೋಡಿದಾಗ, ಚೂಟಿದ ಒಂದು ತುದಿಯ ಕೆಳಗೆ ಎಳ್ಳಿನಷ್ಟು ಏನೋ ಕಂಡಿತು. ನುಸಿ ಇರಬಹುದೆಂದುಕೊಂಡೆ. ಮರುದಿನ ಅದರ ಎದುರಿಗೆ ಇನ್ನೊಂದು ಇತ್ತು. ಆದರೂ ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಎಲ್ಲಿ ಉದುರಿ ಹೋಗುತ್ತದೋ ಎಂಬ ಭಯ. ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು, ಅವಳೂ ಅದೇ ಭಯಕ್ಕೆ ನನಗೆ ಹೇಳಿರಲಿಲ್ಲ ಎಂಬುದು ಬಹಳ ದಿನಗಳ ಮೇಲೆ ಹೊರಬಿತ್ತು.

ಮೃಗಶಿರೆಯ, ನಮ್ಮವರ ಬಾಯಲ್ಲಿ ಮಿರ್ಗದ, ಮಳೆಯ ಮೊದಲ ಹನಿ ಬಿದ್ದು ಎರೆನೆಲ ವಾಸನೆ ಬಿಡುತ್ತಿದ್ದ ದಿನ ಚಕ್ಕಡಿ ಬಂದು ನಮ್ಮ ಮನೆಯ ಮುಂದೆಯೇ ನಿಂತಿತು. ಮಾಸ್ತರು ಇಳಿದರು. ಹಿಂದೆ ಅವರ ಹೆಂಡತಿಯೂ ಇದ್ದಳು. ಆದರೆ ಚಕ್ಕಡಿಯವನಿಗೆ, ‘ಎತ್ತು ಬಿಚ್ಚಬೇಡ, ಸ್ವಲ್ಪ ನಿಲ್ಲು’ ಎಂದಳು. ಟ್ರಂಕು ಇಳಿಸಲಿಲ್ಲ. ನೇರವಾಗಿ ಹಿತ್ತಲಿಗೆ ನಡೆದಳು. ನಾವೆಲ್ಲ ಹಿಂದೆ ಹೋದೆವು.

ಗಿಡ ಆಕೆ ಬಿಟ್ಟು ಹೋದಾಗ ಇದ್ದದ್ದಕ್ಕಿಂತ ಗಿಡ್ಡವಾಗಿತ್ತು. ಕೆಳಗೆ ಬೋಳು ಕಡ್ಡಿ, ಮೇಲೆ ಚೂಟಿದ ಗಾಯಗಳು. ಪ್ರತಿ ಗಾಯದ ಎರಡೂ ಬದಿಗೆ ಬೆರಳಿನಷ್ಟು ಉದ್ದದ ಬೂದು ಹಸಿರು ಚಿಗುರು. ಚಂದವೇನೂ ಇರಲಿಲ್ಲ. ಜಗಳವಾಡಿ ಬಂದ ಮನುಷ್ಯನ ಕೂದಲಿನಂತಿತ್ತು.

ಆಕೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗಾಯವನ್ನು ಮುಟ್ಟಿ ನೋಡಿದಳು. ನಾನು ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದ ಪುಸ್ತಕದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

‘ಇದನ್ನು ಯಾರು ಚಿವುಟಿದ್ದು?’

‘ನಾನೇ ಬೇ’ ಎಂದಳು ಅಕ್ಕ. ‘ಇವನು ಕಡಲ ಅಂದ, ನನಗ ಕಡ್ಲಿ ಅಂತ ಕೇಳಿಸ್ತು. ಕಡ್ಲಿ ಅಂದ್ರ ಚೂಟಲೇಬೇಕು. ಚೂಟೀನಿ, ಪಲ್ಯಾನೂ ಮಾಡೀನಿ. ನೀ ಸಿಟ್ಟಾದ್ರ ಆಗು. ಸುಳ್ಳು ಹೇಳಾಕ ನನಗ ಬರೂದಿಲ್ಲ.’

ಆಕೆ ಕಣ್ಣೆತ್ತಿ ಅಕ್ಕನನ್ನು ನೋಡಿದಳು. ‘ತಿಂದಿರಾ?’

‘ತಿಂದೇವು. ಇವನು ಉಪ್ಪು ಜಾಸ್ತಿ ಆಗ್ಯಾದಂತ ಕೊಂಕೂ ತಗದ.’

‘ನಮ್ಮಲ್ಲಿ ಇದನ್ನು ಆಡು ಸಹ ತಿನ್ನೂದಿಲ್ಲ’ ಎಂದಳು ಆಕೆ. ಆಮೇಲೆ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ಮಾಸ್ತರ ಕಡೆ ನೋಡಿದೆ. ಅವರೂ ಹಾಗೆಯೇ ತಿಳಿದಿದ್ದರು, ಮುಖ ಬಿಳಿಚಿಕೊಂಡಿತ್ತು. ಸೆರಗು ಸರಿದಾಗ ಆಕೆ ನಗುತ್ತಿದ್ದಳು. ಕಣ್ಣೀರೂ ಇತ್ತು, ಇಲ್ಲವೆನ್ನುವುದಿಲ್ಲ. ಎಂಟು ತಿಂಗಳು ಇದ್ದು ಹೋದ ಆಕೆ ನಕ್ಕದ್ದನ್ನು ನಾವು ಮೊದಲು ಕಂಡದ್ದು ಅಂದೇ.

ನಗು ನಿಂತ ಮೇಲೆ ಒಂದೊಂದೇ ಚಿಗುರನ್ನು ಎಣಿಸಿದಳು. ಚಕ್ಕಡಿಯವನು ಹೊರಗಿನಿಂದ ಕೂಗಿದ. ಆಕೆ ಏಳಲಿಲ್ಲ.

‘ಅಕ್ಕ, ನಿಜವಾದ ಕಡಲೆ ಇಲ್ಲಿ ಯಾವಾಗ ಬಿತ್ತೂದು?’

‘ಹಿಂಗಾರಿಗಿ. ದೀಪಾವಳಿ ಹೊತ್ತಿಗಿ ಮೊಳಕಿ ಎದ್ದಿರ್ತಾವ. ಅದಾದ ಮ್ಯಾಲೆ ತಿಂಗಳು ಬಿಟ್ಟು ಚೂಟೂದು.’

‘ಹಾಗಾದ್ರೆ ಚಿವುಟುವಾಗ ನನ್ನನ್ನು ಕರೀರಿ. ಹೇಗೆ ಚಿವುಟೂದು ಅಂತ ನೋಡ್ಬೇಕು.’

‘ನೋಡೂದೇನು, ಚೂಟಿಸ್ತೇನಿ’ ಎಂದಳು ಅಕ್ಕ. ‘ಏಳು, ಮೊದ್ಲ ಉಂಡು ಹೋಗು. ಇವತ್ತ ಬದನಿಕಾಯಿ ಮಾಡೀನಿ, ಹೆದರಬ್ಯಾಡ.’

ಮಾಸ್ತರು ಹೊರಗೆ ಹೋಗಿ ಎತ್ತು ಬಿಚ್ಚಲು ಹೇಳಿದರು. ಟ್ರಂಕನ್ನು ತಾವೇ ಹೆಗಲ ಮೇಲಿಟ್ಟುಕೊಂಡು, ಮಳೆಯಲ್ಲಿ ಅರ್ಧ ಓಡುತ್ತ, ಶಾಲೆಯ ಹಿಂದಿನ ತಮ್ಮ ಮನೆಯ ಬೀಗ ತೆಗೆಯಲು ನಡೆದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಮಾಧಾನವಾಗಬೇಕಾದ ಹೊತ್ತು. ಒಂದಿಷ್ಟು ಆಯಿತು ಕೂಡ. ಆಮೇಲೆ ಮುಗಿಲಿನ ಕಡೆ ನೋಡಿದೆ. ಮುಂಗಾರು ಬಂತು ಸರಿ, ಹಿಂಗಾರು ಬಾರದೆ ಹೋದರೆ? ಊರಲ್ಲಿ ಯಾರೂ ಕಡ್ಲಿ ಬಿತ್ತದೆ ಹೋದರೆ ಆಕೆಗೆ ಚೂಟಲು ಎಲ್ಲಿಂದ ತರುವುದು? ಕೊಳಕೂರಿನ ಬೀಗರ ಹೊಲದಲ್ಲಿ ಬಾವಿಯ ನೀರಿದೆ, ಅವರಿಗೆ ಈಗಿನಿಂದಲೇ ಒಂದು ಮಾತು ಹೇಳಿಡಬೇಕು ಎಂದುಕೊಂಡು ಚಪ್ಪಲಿ ಹುಡುಕತೊಡಗಿದೆ.